ಮೈನೋದ್ದೀನ ಕಾಕಾ ಓದಿದ ಎಲೆ

ಗೋಕಾಕದ ಬಸ್ ನಿಲ್ದಾಣದ ಹಿಂದೆ ನನ್ನ ಝೆರಾಕ್ಸ್ ಅಂಗಡಿಯಿದೆ. ಅದರ ಗೋಡೆಗೇ ಆತುಕೊಂಡು ಮೈನೋದ್ದೀನ ಕಾಕಾನ ಶಿಕ್ಕಾ ಅಂಗಡಿ. ಗುಡಿ, ಮಸೂತಿ, ಡೇರಿ, ಸೊಸೈಟಿ, ಯಾರಿಗೆ ರಬ್ಬರ್ ಸ್ಟ್ಯಾಂಪು ಬೇಕಾದರೂ ಅಲ್ಲಿಗೆ ಬರುತ್ತಾರೆ. ಈಗ ಎಲ್ಲ ಕಡೆ ಮಷಿನ್ ಬಂದಿದೆ. ಕಾಕಾ ಮಾತ್ರ ಇನ್ನೂ ರಬ್ಬರಿನ ಮೇಲೆ ಅಕ್ಷರಗಳನ್ನು ಉಲ್ಟಾ ಬರೆದು ಬ್ಲೇಡಿನಿಂದ ಕೊರೆಯುತ್ತಾರೆ. ಗಿರಾಕಿ ಅವಸರ ಮಾಡಿದರೆ ಬ್ಲೇಡು ಕೆಳಗಿಟ್ಟು ಚಹಾ ತರಿಸುತ್ತಾರೆ.

ಈ ಕಾಕಾನಿಗೊಂದು ಹುಚ್ಚು. ಎಷ್ಟೋ ವರ್ಷಗಳ ಹಿಂದೆ ಗಿರಾಕಿಯೊಬ್ಬರು ಇತಿಹಾಸದ ಪುಸ್ತಕವನ್ನು ಅಂಗಡಿಯಲ್ಲೇ ಮರೆತು ಹೋದರು. ಅದರಲ್ಲಿ ಸಿಂಧೂ ಕಣಿವೆಯ ಮುದ್ರೆಗಳ ಚಿತ್ರವಿತ್ತು. ಅಂಗೈಯಲ್ಲಿ ಅಡಗುವ ಕಲ್ಲು, ಅದರಲ್ಲೊಂದು ಗೂಳಿ, ಗೂಳಿಯ ಮೇಲೆ ಸಾಲಾಗಿ ಮೀನು, ಅರಳಿ ಎಲೆ, ಹೊರೆ ಹೊತ್ತ ಮನುಷ್ಯ. ಈ ಲಿಪಿಯನ್ನು ಇನ್ನೂ ಯಾರಿಗೂ ಓದಲಾಗಿಲ್ಲ ಎಂದು ಕೆಳಗೆ ಬರೆದಿತ್ತು. ಕಾಕಾನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅಂಥ ಚಿತ್ರ ಎಲ್ಲಿ ಸಿಕ್ಕರೂ ತಂದು ನನ್ನ ಮಷಿನ್ನಿನಲ್ಲಿ ದೊಡ್ಡದು ಮಾಡಿಸಿಕೊಂಡು ಹೋಗುತ್ತಾರೆ.

ಇಷ್ಟು ನಾಜೂಕಾಗಿ ಕೊರೆದವನು ಬರೀ ವ್ಯಾಪಾರಕ್ಕೆ ಕೊರೆದಿರಲಾರ, ದೇವರಿಗೇ ಕೊರೆದಿದ್ದಾನೆ ಎಂಬುದು ಅವರ ವಾದ. ಮೀನು ಎಂದರೆ ನದಿಯ ತಾಯಿ. ಹೊರೆ ಹೊತ್ತವನು ಹರಕೆ ತೀರಿಸಲು ಹೊರಟವನು. ಎಲೆಯಂತೂ ಸಾಕ್ಷಾತ್ ದೇವರ ಹೆಸರು. ಯಾವ ದೇವರು ಎಂದು ನಾನು ಕೆಣಕಿದರೆ, ಅವರಿಗೊಬ್ಬನಿದ್ದ, ಅವನದು, ನಿನಗ್ಯಾಕೆ ಆ ಪಂಚಾಯ್ತಿ ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವರ ಹೆಂಡತಿ ಹಜರತಬಿ ಕಾಕು ನನ್ನ ಮುಂದೆ ಗೊಣಗುತ್ತಿದ್ದರು: ಸಾವಿರಾರು ವರ್ಷದ ಹಿಂದಿನವರ ಮಾತು ಈ ಮನುಷ್ಯನಿಗೆ ತಿಳಿಯುತ್ತದೆ, ಮನೆಯಲ್ಲಿ ಸಕ್ಕರೆ ಇಲ್ಲ ಎಂದರೆ ತಿಳಿಯುವುದಿಲ್ಲ.

ಕಾಕಾನ ಆಸೆ ದೊಡ್ಡದೇನಲ್ಲ. ತಿಳಿದವರು ನಾಲ್ಕು ಜನ ಕೂತು ಕೇಳಬೇಕು, ಎಲೆಯನ್ನು ಓದಿದವನು ಗೋಕಾಕದ ಮೈನೋದ್ದೀನ ಎನ್ನಬೇಕು. ಹೋದ ಚಳಿಗಾಲದಲ್ಲಿ ಅದಕ್ಕೂ ಕಾಲ ಕೂಡಿ ಬಂತು. ಹುಕ್ಕೇರಿಯ ಕೆಲವು ಇತಿಹಾಸಪ್ರಿಯರು ತಮ್ಮ ಕಾರ್ಯಕ್ರಮಕ್ಕೆ ಶಿಕ್ಕಾ ಮಾಡಿಸಲು ಬಂದರು. ಚಹಾ ಕುಡಿಯುತ್ತ ಎಲೆಯ ಕಥೆಯನ್ನೂ ಕೇಳಿದರು. ನೀವೂ ಬಂದು ಮಾತಾಡಿ ಎಂದರು. ಕಾಕಾ ಆ ದಿನ ಯಾರಿಗೂ ಚಹಾದ ದುಡ್ಡು ಕೊಡಗೊಡಲಿಲ್ಲ.

ಹುಕ್ಕೇರಿ ಬಸ್ಸಿನಲ್ಲಿ ಚಿತ್ರಗಳ ಸುರುಳಿ ನನ್ನ ತೊಡೆಯ ಮೇಲಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಾಕಾ ಪರೀಕ್ಷೆಗೆ ಹೊರಟ ಹುಡುಗರ ಹಾಗೆ ತುಟಿ ಅಲುಗಿಸುತ್ತಿದ್ದರು. ಅವರ ಮಾತು ಊಟದ ನಂತರ ಎಂದು ಗೊತ್ತಾಯಿತು. ಊಟದ ಸಾಲಿನಲ್ಲಿ ನಮ್ಮ ಮುಂದೆ ದಡ್ಡಿ ಎಂಬ ಊರಿನ ನಿವೃತ್ತ ಮಾಸ್ತರರಾದ ಬಸವಣ್ಣೆಪ್ಪ ನಿಂತಿದ್ದರು. ಅವರು ತಮ್ಮ ಊಟದ ಚೀಟಿಯ ಮೇಲಿದ್ದ, ಕಾಕಾನೇ ಕೊರೆದುಕೊಟ್ಟ ದುಂಡನೆಯ ಶಿಕ್ಕಾವನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಮೈನೋದ್ದೀನಸಾಬ್ರ, ಇದರಾಗಿನ ಈ ಎಲಿ ನಮ್ಮೂರ ಗುಡಿ ಪಾವತಿ ಮ್ಯಾಲೂ ಐತಿ, ಮಸೂತಿ ಪಾವತಿ ಮ್ಯಾಲೂ ಐತಿ. ಯಾವ ದೇವರದ್ರಿ ಇದು?"

ಕಾಕಾ ನಕ್ಕರು. "ಯಾವ ದೇವರದೂ ಅಲ್ರಿ ಸರ. ಅಕ್ಷರ ಸುತ್ತಿ ಬಂದ ಮ್ಯಾಲೆ ತೆಳಗ ಸ್ವಲ್ಪ ಜಾಗಾ ಉಳೀತೈತಿ. ಎಲ್ಲಾರೂ ಅಲ್ಲಿ ಆಕಾಶದಾಗಿನ ಚುಕ್ಕಿ ಹಾಕ್ತಾರ. ಚುಕ್ಕಿಗೆ ಐದು ಮೂಲಿ, ಕೊರಿಯೂ ಮುಂದ ಒಂದರ ಮುರೀತಿತ್ತು. ಎಲಿಗೆ ಒಂದ ಮೂಲಿ, ಅದಕ್ಕ ನಾ..."

ಕಾಕಾ ಚೀಟಿಯನ್ನು ನೋಡಿದರು, ನನ್ನ ಕೈಯ ಸುರುಳಿಯನ್ನು ನೋಡಿದರು. ಮುದ್ರೆಯ ಎಲೆ, ಶಿಕ್ಕಾದ ಎಲೆ ಎರಡೂ ನನ್ನ ಮಷಿನ್ನಿನೊಳಗೆ ಹಾದು ಹೋಗಿವೆ, ನನಗೂ ಹೊಳೆದಿರಲಿಲ್ಲ. ಊಟಕ್ಕೆ ಕೂತಾಗ ಅವರು ಹೋಳಿಗೆ ಮುಟ್ಟಲಿಲ್ಲ. ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಬರೆದು ತಂದದ್ದನ್ನೇ ಹೇಳಿ ಬಿಡಿ ಎಂದು ನಾನು ಪಿಸುಗುಟ್ಟಿದೆ. ಅವರು ತಮ್ಮ ಊಟದ ಚೀಟಿಯನ್ನು ಮಡಚಿ ಜೇಬಿಗಿಟ್ಟರು.

ಅವರ ಸರದಿ ಬಂತು. ವೇದಿಕೆ ಹತ್ತಿ ಎಲೆಯ ದೊಡ್ಡ ಚಿತ್ರವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ತಾವು ಊಟದ ಚೀಟಿ ಹಿಡಿದು ನಿಂತರು.

"ಈ ಎಲಿ ದೇವರ ಹೆಸರು ಅಂತ ಹೇಳಾಕ ಬಂದಿದ್ನಿರಿ. ಊಟಕ್ಕಿಂತ ಮೊದಲ ಅದು ನನಗ ಖರೇನ ಅನ್ನಿಸಿತ್ತು." ಜನ ನಕ್ಕರು. "ಈಗ ಗೊತ್ತಿಲ್ರಿ. ದೇವರ ಹೆಸರೂ ಇರಬಹುದು. ನನ್ನಂಗ ಚುಕ್ಕಿ ಕೊರಿಯಾಕ ಬರಲಾರದಾಂವ ಒಬ್ಬ ಖಾಲಿ ಜಾಗಾ ತುಂಬಿರಬಹುದು. ನಾಳೆ ಸಾವಿರ ವರ್ಷಕ್ಕ ಯಾರರ ನನ್ನ ಶಿಕ್ಕಾ ಅಗದ್ರ, ಗೋಕಾಕದ ಮಂದಿ ಎಲಿ ಪೂಜಿ ಮಾಡ್ತಿದ್ರು ಅಂತ ಬರೀತಾರ."

ಚಪ್ಪಾಳೆ ಜೋರಾಗಿ ಬಿತ್ತು. ನನಗೆ ಮಾತ್ರ ಅಳು ಬಂತು. ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ಅವರೇ ಎಲ್ಲರೆದುರು ಕೈಬಿಟ್ಟಿದ್ದರು. ಬಸ್ಸಿನಲ್ಲಿ ಸಮಾಧಾನ ಮಾಡೋಣವೆಂದು ತಿರುಗಿದರೆ, ಈ ಮನುಷ್ಯ ಕಾಗದದಲ್ಲಿ ಕಟ್ಟಿಸಿಕೊಂಡು ಬಂದ ಹೋಳಿಗೆ ತಿನ್ನುತ್ತಿದ್ದರು. ನನಗೆ ಸಿಟ್ಟೇ ಬಂತು. ಅರ್ಧ ಮುರಿದು ಕೊಟ್ಟರು, ತಿಂದೆ.

ಮರುದಿನ ಮಸಗುಪ್ಪಿಯ ಮುತ್ತಪ್ಪ ಹಾಲಿನ ಡೇರಿಯ ಶಿಕ್ಕಾ ಮಾಡಿಸಲು ಬಂದ. ಕಾಕಾ ಬರೆದ ನಮೂನೆ ನೋಡಿ, ಕೆಳಗೆ ಎಲೆ ಬೇಡ, ಮಷಿನ್ನಿನವರ ಹಾಗೆ ಚುಕ್ಕಿ ಹಾಕಿ ಎಂದ. ನಾನು ಗೋಡೆಯ ಪಕ್ಕದಿಂದ ಇಣುಕಿದೆ. ಕಾಕಾ ಬ್ಲೇಡನ್ನು ಅಂಗಿಗೆ ಒರೆಸಿಕೊಂಡರು.

"ಎಲಿನ ಇರಲಿ ಬಿಡೋ ಮುತ್ತಪ್ಪ. ನಮ್ಮ ಕಸುಬಿನ ಮಂದಿ ನಾಕೈದು ಸಾವಿರ ವರ್ಷದಿಂದ ಎಲೀನ ಹಾಕ್ಕೋತ ಬಂದೇವಿ."

ಮುತ್ತಪ್ಪ ಕಣ್ಣು ಪಿಳುಕಿಸಿದ. ಕಾಕಾ ನನ್ನ ಕಡೆ ನೋಡಿ, ಮೂರು ಚಹಾ ಹೇಳು ಎಂದರು.