ಸೂರ್ಯಕಾಂತ ಮಾಮಾ ಜೋರಾಗಿ ಓಡಿಸಿರಲಿಲ್ಲ

ಆ ಟೈರುಗಳು ಹಳೆಯವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾರಿದೆ. ಯಾರೋ ದಾರಿಹೋಕನಿಗಲ್ಲ — ನನ್ನ ಒಡಹುಟ್ಟಿದ ಅಕ್ಕನ ಮನೆಯ ಕಾರಿಗೆ. ಅವುಗಳಲ್ಲೊಂದು ಹೆದ್ದಾರಿಯಲ್ಲಿ ಒಡೆದು, ಕಾರು ಮಗುಚಿ, ಅಕ್ಕನ ಕೈ ಹಾಳಾದಾಗ ತಪ್ಪು ಕಾರು ಓಡಿಸುತ್ತಿದ್ದ ಅವಳ ಗಂಡನದು ಎಂದವನೂ ನಾನೇ. ಹೇಳಿದ್ದು ಒಂದೇ ಮಾತು. ಅದನ್ನು ಎಲ್ಲರೂ ನಂಬಿದರು. ಅಕ್ಕ ನಂಬಿದಳು, ಅವಳ ಮಗಳು ನಂಬಿದಳು, ಕೊನೆಗೆ ಏನೂ ತಪ್ಪು ಮಾಡದ ಆ ಮನುಷ್ಯನೂ ನಂಬಿಬಿಟ್ಟ.

ಹುಮನಾಬಾದಿನಲ್ಲಿ, ಹೆದ್ದಾರಿಗೆ ಮುಖ ಮಾಡಿ, ನನ್ನ ಟೈರ್ ಅಂಗಡಿ ಇದೆ. ಅಕ್ಕ ಜಗದೇವಿಯನ್ನು ಕೊಟ್ಟದ್ದು ಬಸವಕಲ್ಯಾಣಕ್ಕೆ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತೇವೆ. ಸೂರ್ಯಕಾಂತ ಮಾಮಾ ಅಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದರು. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಮದುವೆ ಸೀರೆಗಳ ಜಂಪರ್ ಎಂದರೆ ಅವಳೇ ಹೊಲಿಯಬೇಕು ಎಂದು ದೂರದ ಊರುಗಳಿಂದ ಹೆಂಗಸರು ಬರುತ್ತಿದ್ದರು. ಅವಳು ಎಡಗೈಯವಳು. ಎಡಗೈಯಲ್ಲಿ ಕತ್ತರಿ ಹಿಡಿದು, ಸುಣ್ಣದ ಗುರುತೂ ಹಾಕದೆ, ಬಟ್ಟೆಯನ್ನು ಸರ್ರನೆ ಕತ್ತರಿಸಿಬಿಡುವಳು. ಅದನ್ನು ನೋಡುವುದಕ್ಕೇ ಕೆಲವರು ಕೂತಿರುತ್ತಿದ್ದರು.

ಇನ್ನು ಮಾಮಾನ ಕಾರು — ಅದೊಂದು ಸಣ್ಣ ಬಿಳಿ ಕಾರು. ಅದನ್ನು ಅವರು ಓಡಿಸುವುದನ್ನು ಕಂಡು ನಾವೆಲ್ಲ ನಗುತ್ತಿದ್ದೆವು. ಜನ ತುಂಬಿದ ಟಂಟಂ ಆಟೋಗಳು ಕೂಡ ಅವರನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅಷ್ಟು ನಿಧಾನದ ಮನುಷ್ಯ.

ಈಗ್ಗೆ ಸುಮಾರು ಹತ್ತು ವರ್ಷದ ಹಿಂದೆ, ಬೇಸಿಗೆ ಶುರುವಾಗುವ ಮುಂಚೆ, ಇಬ್ಬರೂ ಅಂಗಡಿಗೆ ಬಂದರು. ಮಾಮಾನಿಗೆ ಜಹೀರಾಬಾದಿಗೆ ಹೋಗಿ ಟೈರು ಹಾಕಿಸುವ ಮನಸ್ಸಿತ್ತು. ಅಲ್ಲಿ ದೊಡ್ಡ ಅಂಗಡಿ, ಮಾಲು ತಾಜಾ ಇರುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಕ್ಕ ಒಪ್ಪಿರಲಿಲ್ಲ. ನನ್ನೆದುರಿಗೇ ಗಂಡನನ್ನು ಛೇಡಿಸಿದಳು.

"ಮನಿ ಹುಡುಗನ ಅಂಗಡಿ ಇದ್ದಾಗ ಜಹೀರಾಬಾದಿಗಿ ಯಾಕ ಹೋಗ್ಬೇಕ್ರಿ? ಇವ ನಮಗ ಮೋಸ ಮಾಡ್ತಾನೇನು?"

ಮಾಮಾ ನಕ್ಕು ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಬೇಕಾದದ್ದು ಬಹಳ ಸರಳವಾಗಿತ್ತು. "ರಾಜು, ನಮ್ಮ ಬಿಸಲಿಗೂ ತಡಿಬೇಕು, ಮಳ್ಯಾಗ ಜಾರಬಾರದು. ಬಾಳಿಕಿ ಬರ್ಬೇಕು. ಭಾಳ ತುಟ್ಟಿ ಬ್ಯಾಡ. ನೀ ಹೇಳಿದ್ದ ಹಾಕಿಸ್ತೀನಿ."

ನಾನು ಅವರಿಗೆ ಪಾಠವನ್ನೇ ಮಾಡಿದೆ. ರಬ್ಬರು ಗಡಸಾಗಿದ್ದರೆ ಹೆಚ್ಚು ದಿನ ಬರುತ್ತದೆ, ಆದರೆ ಮಳೆಯಲ್ಲಿ ಹಿಡಿತ ಕಡಿಮೆ. ಮೆತ್ತಗಿದ್ದರೆ ಹಿಡಿತ ಚೆನ್ನ, ಬೇಗ ಸವೆಯುತ್ತದೆ. ದಿನಾ ಓಡಾಡುವ ಕಾರಿಗೆ ಎರಡರ ನಡುವಿನದು ಸಾಕು. ನೀರು ಸರಿದು ಹೋಗಲು ನಡುವೆ ಅಗಲವಾದ ಗೀರುಗಳಿರಬೇಕು. ಟೈರಿನ ಪಕ್ಕದ ಗೋಡೆ ಗಟ್ಟಿ ಇರಬೇಕು, ನಮ್ಮ ರಸ್ತೆಯ ತಗ್ಗುಗಳಿಗೆ ಅದೇ ಮೊದಲು ಸೋಲುವುದು. ತಿಂಗಳಿಗೊಮ್ಮೆ ಗಾಳಿ ನೋಡಿಸಬೇಕು, ಮುಂದಿನವನ್ನು ಹಿಂದಕ್ಕೆ ಬದಲಿಸುತ್ತಿರಬೇಕು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಇಂದಿಗೂ ಗಿರಾಕಿಗಳಿಗೆ ಇದನ್ನೇ ಹೇಳುತ್ತೇನೆ. ಆದರೆ ಅತಿ ಮುಖ್ಯವಾದದ್ದನ್ನು ಬಿಟ್ಟೆ — ಟೈರು ಯಾವಾಗ ತಯಾರಾದದ್ದು ಎಂದು ನೋಡಬೇಕು. ಎಷ್ಟೇ ಒಳ್ಳೆಯ ಟೈರಾಗಲಿ, ಓಡದೆ ಮೂಲೆಯಲ್ಲಿ ಬಿದ್ದಿದ್ದರೂ ರಬ್ಬರು ಒಳಗೊಳಗೇ ಒಣಗುತ್ತದೆ. ತಯಾರಾದ ವಾರ, ವರ್ಷ ಒಂದು ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿರುತ್ತದೆ. ಓದಲು ಬಂದವನು ಓದಬಹುದು.

ಅವರ ಕಾರಿನ ಅಳತೆಯ ಹೊಸ ಮಾಲು ಅಂದು ನನ್ನಲ್ಲಿ ಇರಲಿಲ್ಲ. ಕಲಬುರಗಿಯಿಂದ ಬರಲು ಎರಡು ದಿನ ಬೇಕಿತ್ತು. ಎರಡು ದಿನ ನಿಲ್ಲಿರಿ ಎಂದಿದ್ದರೆ ಮಾಮಾ ಖಂಡಿತ ನಿಲ್ಲುತ್ತಿದ್ದರು. ಆದರೆ ಜಹೀರಾಬಾದಿನ ಮಾತು ಕೇಳಿ ನನಗೆ ಒಳಗೇ ಉರಿ ಎದ್ದಿತ್ತು. ನನ್ನ ಅಂಗಡಿಯಲ್ಲಿ ಇಲ್ಲ ಎಂಬ ಮಾತು ಬಾಯಿಂದ ಬರಬಾರದು — ಅಷ್ಟೇ. ಹಿಂದಿನ ತಗಡಿನ ಕೋಣೆಯಲ್ಲಿ ಅದೇ ಅಳತೆಯ ನಾಲ್ಕು ಟೈರುಗಳಿದ್ದವು. ಒಳ್ಳೆಯ ಹೆಸರಿನವು, ಒಮ್ಮೆಯೂ ರಸ್ತೆ ಕಾಣದವು. ಎಷ್ಟೋ ಬೇಸಿಗೆಗಳನ್ನು ಆ ತಗಡಿನ ಕೆಳಗೆ ಬೆಂದು ಕಳೆದಿದ್ದವು. ಗೀರುಗಳ ಬುಡದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ನಾನು ಕರಿ ಪಾಲಿಶ್ ಹಚ್ಚಿ ಒರೆಸಿದೆ. ಬಿರುಕು ಮುಚ್ಚಿತು. ವರ್ಷ ಅಚ್ಚಾದ ಮಗ್ಗುಲನ್ನು ಒಳಗಡೆ ಮಾಡಿ, ನಾಲ್ಕನ್ನೂ ನನ್ನ ಕೈಯಾರೆ ಕೂರಿಸಿದೆ.

ಮಾಮಾ ಸುತ್ತ ತಿರುಗಿ ನೋಡಿ, "ಮಸ್ತ್ ಕಾಣಸ್ತಾವ," ಎಂದರು. ಅಕ್ಕ ನನ್ನ ತಲೆ ಸವರಿದಳು.

ಆ ವರ್ಷದ ಕಡು ಬೇಸಿಗೆಯಲ್ಲಿ ಅಕ್ಕ ಒಂದು ಮದುವೆ ಮನೆಯ ಜಂಪರ್‌ಗಳನ್ನೆಲ್ಲ ಹೊಲಿದು ಮುಗಿಸಿದ್ದಳು. ಇಬ್ಬರೂ ಮನ್ನಾಏಖೇಳ್ಳಿಗೆ ಹೋಗಿ ಕೊಟ್ಟು ಬಂದರು. ಹಿಂದಿರುಗುವಾಗ ನನ್ನಲ್ಲಿ ಇಳಿದು ಮಜ್ಜಿಗೆ ಕುಡಿದು ಹೋದರು. ಅಂದು ನಾನೇ ಗಾಳಿ ನೋಡಿ ಕಳಿಸಿದೆ. ಟೈರಿನ ಮೇಲೆ ಕೈ ಇಟ್ಟಾಗ ಅದು ಕಾದಿತ್ತು. ಏನಾದರೂ ಹೇಳಬಹುದಿತ್ತು — ಹೇಳಲಿಲ್ಲ. ಅವರು ರಾಜೇಶ್ವರ ದಾಟಿದ ಮೇಲೆ ಮುಂದಿನ ಎಡಗಡೆಯ ಟೈರು ಒಡೆಯಿತು. ಕಾರು ಎಡಕ್ಕೆ ಎಳೆದು, ರಸ್ತೆ ಬಿಟ್ಟು ಇಳಿದು, ಹೊಲದ ಬದುವಿಗೆ ಬಡಿದು ಮಗ್ಗುಲಾಯಿತು. ಅಕ್ಕ ತೊಡೆಯ ಮೇಲೆ ಖಾಲಿ ಚೀಲ ಇಟ್ಟುಕೊಂಡು, ಕಿಟಕಿಯ ಮೇಲೆ ಎಡಗೈ ಚಾಚಿ ನಿದ್ದೆ ಹೋಗಿದ್ದಳು. ಕೈ ಕಾರಿನ ಕೆಳಗೆ ಸಿಕ್ಕಿತು.

ಸುದ್ದಿ ಬಂದಾಗ ನಾನು ಓಡಿದ್ದು ಆಸ್ಪತ್ರೆಗಲ್ಲ. ಇದನ್ನೂ ಹೇಳಿಬಿಡುತ್ತೇನೆ. ಮೊದಲು ಹೋದದ್ದು ಕಾರಿನ ಹತ್ತಿರ. ಒಡೆದ ಟೈರಿನ ಒಂದು ತುಂಡು ಹಿಡಿದು ಮಡಚಿದೆ. ಒಣಗಿದ ರೊಟ್ಟಿಯ ಹಾಗೆ ಮುರಿಯಿತು. ಅದನ್ನೂ ಉಳಿದ ಮೂರನ್ನೂ ಬಿಚ್ಚಿ ಅಂಗಡಿಗೆ ಸಾಗಿಸಿದೆ. ಆಮೇಲೆ ಆಸ್ಪತ್ರೆಗೆ ಹೋದೆ.

ಅಲ್ಲಿ ಪಡಸಾಲೆಯಲ್ಲಿ ಎರಡೂ ಕಡೆಯ ಬಂಧುಗಳು ಸೇರಿದ್ದರು. ಮಾಮಾನ ಅಂಗಿಗೆ ಅಕ್ಕನ ರಕ್ತ ಮೆತ್ತಿತ್ತು. "ನಾ ಜೋರ್ ಇದ್ದಿಲ್ಲ, ತನ್ನಷ್ಟಕ್ಕ ತಾನ ಒಡೀತು," ಎಂದು ಒಬ್ಬೊಬ್ಬರ ಮುಂದೆಯೂ ಹೇಳುತ್ತಿದ್ದರು. ನನ್ನನ್ನು ಕಂಡವರೇ ಕೈ ಹಿಡಿದುಕೊಂಡರು. "ರಾಜು, ನೀ ಬಲ್ಲವ. ನೀನ ಹೇಳು ಇವರಿಗಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಿದೆ — "ಹೊಸ ಟೈರ್ ಸುಮ್ಮ ಸುಮ್ಮನ ಒಡಿಯಂಗಿಲ್ರಿ ಮಾಮಾ. ನೀವು ಜೋರ್ ಇದ್ದಿರಬೇಕು."

ಅವರು ನನ್ನ ಕೈ ಬಿಟ್ಟರು. ಅಷ್ಟು ಹೊತ್ತಿಗೆ ನಮ್ಮ ಚಿಕ್ಕಪ್ಪ ಅವರ ಮೇಲೆ ಎಗರಿ ಬಿದ್ದಾಗಿತ್ತು.

ಅಕ್ಕನ ಮೊಣಕೈ ಸೊಟ್ಟಾಗಿ ಕೂಡಿಕೊಂಡಿತು. ಬೆರಳುಗಳು ಮಡಚಲು ಬರಲಿಲ್ಲ. ಬಲಗೈಯಲ್ಲಿ ಕತ್ತರಿ ಹಿಡಿದು ಕೆಲಕಾಲ ಹೆಣಗಿದಳು. ಬಟ್ಟೆ ಕೆಟ್ಟಿತು, ಜನ ಬರುವುದು ನಿಂತಿತು. ಮೊದಲು ನಗುತ್ತಿದ್ದ ಹೆಂಗಸು ಮಾತುಮಾತಿಗೆ ಚುಚ್ಚುವವಳಾದಳು. ಬಂದವರ ಮುಂದೆಲ್ಲ ಕೈ ಎತ್ತಿ ತೋರಿಸಿ, "ಇವರ ಓಟಕ್ಕ ಹೋತ್ರಿ ಇದು," ಎನ್ನುತ್ತಿದ್ದಳು. ಮಾಮಾ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ನಾನು ರಿಪೇರಿಯಾದ ಕಾರಿಗೆ ನಾಲ್ಕು ಹೊಸ ಟೈರು — ಈ ಸಲ ನಿಜವಾಗಿಯೂ ಹೊಸವು — ಪುಕ್ಕಟೆ ಹಾಕಿಕೊಟ್ಟೆ. ತಮ್ಮ ಎಂದರೆ ಹೀಗಿರಬೇಕು ಎಂದು ನೆಂಟರೆಲ್ಲ ಹೊಗಳಿದರು. ಆ ಹೊಗಳಿಕೆಯನ್ನು ನಾನು ತಲೆಬಾಗಿ ಇಸಿದುಕೊಂಡೆ. ಮಾಮಾ ಆ ಕಾರಿನ ಸ್ಟೇರಿಂಗ್ ಮತ್ತೆ ಹಿಡಿಯಲೇ ಇಲ್ಲ. ಮಾರಿಬಿಟ್ಟರು.

ಇದಕ್ಕಿಂತ ಕೆಟ್ಟದ್ದೊಂದಿದೆ. ಒಂದು ದಿನ ಮಾಮಾ ಬಸ್ಸಿನಲ್ಲಿ ಹುಮನಾಬಾದಿಗೆ ಬಂದವರು ನನ್ನ ಅಂಗಡಿಗೆ ಬಂದರು. ಚಹಾ ಮುಟ್ಟಲಿಲ್ಲ. ಗಿರಾಕಿಗಳು ಹೋಗುವ ತನಕ ಕಾದು ಕೇಳಿದರು: "ರಾಜು, ಖರೇ ಹೇಳು. ಹೊಸ ಟೈರ್ ಒಡಿಬೇಕಂದ್ರ ಎಷ್ಟ ಜೋರ್ ಇರ್ಬೇಕು?"

ಅವರು ನನಗೆ ಬಾಗಿಲು ತೆರೆದು ಕೊಟ್ಟಿದ್ದರು. ಅಂದೇ ಹೇಳಬಹುದಿತ್ತು. ನಾನು, "ನೂರರ ಮ್ಯಾಲ ಇರ್ಬೇಕ್ರಿ," ಎಂದೆ.

ಮಾಮಾ ರಸ್ತೆಯ ಕಡೆ ತಿರುಗಿದರು. "ಇದ್ದಿರಬೇಕು ಹಂಗಾದ್ರ," ಎಂದರು. "ನಿಮ್ಮ ಅಕ್ಕಗ ನಿದ್ದಿ ಹತ್ತಿತ್ತು. ನಾನೂ ಮೀಟರಿನ ಮುಳ್ಳ ನೋಡಿದ್ದಿಲ್ಲ. ಲಗೂ ಮನಿ ಮುಟ್ಟಬೇಕಂತ... ಇದ್ದಿರಬೇಕು."

ಕಾರನ್ನು ಎಂದೂ ಐವತ್ತರ ಮೇಲೆ ಓಡಿಸದ ಮನುಷ್ಯ. ಅವರ ಸ್ವಂತ ನೆನಪನ್ನೇ ನಾನು ಅವರಿಂದ ಕಿತ್ತುಕೊಂಡೆ. ಅಂದಿನಿಂದ ಅವರು "ನಾ ಜೋರ್ ಇದ್ದಿಲ್ಲ" ಎನ್ನುವುದನ್ನು ಬಿಟ್ಟರು. ಕೇಳಿದವರಿಗೆ, "ಆತ್ರಿ, ನನ್ನಿಂದ ಗಲತಿ ಆತು," ಎನ್ನುತ್ತಿದ್ದರು.

ವರ್ಷಗಳು ಹೀಗೇ ಹೋದವು. ಕಳೆದ ವರ್ಷ ಅಕ್ಕನ ಎರಡೂ ಮೂತ್ರಪಿಂಡ ಕೈಕೊಟ್ಟವು. ಕಲಬುರಗಿಯ ಆಸ್ಪತ್ರೆಯಲ್ಲಿ ಮಾಮಾ ಅವಳ ಹಾಸಿಗೆ ಬಿಟ್ಟು ಕದಲಲಿಲ್ಲ. ಒಂದು ಮಧ್ಯಾಹ್ನ ನಾನೂ ಹೋಗಿದ್ದೆ. ಮಾಮಾ ಅವಳಿಗೆ ಗಂಜಿ ಕುಡಿಸುತ್ತಿದ್ದರು. ಅಕ್ಕ ಚಮಚವನ್ನು ಸರಿಸಿ, ಆ ಸೊಟ್ಟ ಕೈಯನ್ನೇ ಅವರ ಮೊಣಕಾಲ ಮೇಲೆ ಇಟ್ಟಳು.

"ನಿಮಗ ಭಾಳ ಅಂದೀನ್ರಿ ನಾ. ಇನ್ನ ಅನ್ನಂಗಿಲ್ಲ. ಕೈಯಿಂದು ಮಾಫ್ ಮಾಡೀನಿ. ಮನಸಿಗಿ ಹಚ್ಚಿಕೋಬ್ಯಾಡ್ರಿ."

ಮಾಮಾ ಅತ್ತರು. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡು, ಏನೋ ದೊಡ್ಡದು ಸಿಕ್ಕವರ ಹಾಗೆ ಅತ್ತರು. ನಾನು ಮಂಚದ ಕಾಲಬದಿಗೆ ನಿಂತಿದ್ದೆ. ಒಂದು ವಾಕ್ಯ ಸಾಕಿತ್ತು. ಅಕ್ಕನಿಗೆ ಎಚ್ಚರವಿತ್ತು, ಕಿವಿ ಕೇಳುತ್ತಿತ್ತು, ಎದುರಿಗೇ ಇದ್ದಳು. ನಾಲಿಗೆ ಏಳಲಿಲ್ಲ ಎಂದರೆ ಸುಳ್ಳಾದೀತು — ನಾನು ಯೋಚಿಸಿದೆ. ಯೋಚಿಸಿ ಸುಮ್ಮನಾದೆ. ಹೊರಗೆ ಬಂದು ಹಣ್ಣು ಕೊಂಡು ತಂದೆ. ಅದೇ ವಾರ ಅವಳು ಹೋದಳು.

ಅವಳ ಕ್ರಿಯೆಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ನಾನು ಬಸವಕಲ್ಯಾಣಕ್ಕೆ ಹೋದೆ. ಮಾಮಾ ಒಬ್ಬರೇ ಇದ್ದರು, ಅಂಗಳದಲ್ಲಿ ಅವಳ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದರು; ಯಾರೋ ಹೆಣ್ಣುಮಗಳಿಗೆ ಕೊಡುವುದಿತ್ತಂತೆ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ — ತಗಡಿನ ಕೋಣೆ, ಪಾಲಿಶ್, ಒಳಗಡೆ ಮಾಡಿದ ಮಗ್ಗುಲು, ಮುರಿದ ತುಂಡು, ನೂರರ ಮೇಲಿನ ಮಾತು.

ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೂ ಸರಿ ಎಂದುಕೊಂಡಿದ್ದೆ. ಅವರು ಎಣ್ಣೆ ಬುಡ್ಡಿಯನ್ನು ಕೆಳಗಿಟ್ಟು, ಬಹಳ ಮೆಲ್ಲಗೆ ಕೇಳಿದರು.

"ಹಂಗಾದ್ರ ನಾ ಜೋರ್ ಇದ್ದಿಲ್ಲೇನು?"

"ಇಲ್ರಿ ಮಾಮಾ."

"ಇದ್ದಿಲ್ಲ," ಎಂದರು, ತಮಗೆ ತಾವೇ. ಎಣ್ಣೆ ಹತ್ತಿದ ಕೈ ಒರೆಸಿಕೊಂಡು, "ಆಕಿಗಿ ಗೊತ್ತಾಗ್ಲಿಲ್ಲಲ್ಲೋ ರಾಜು," ಎಂದರು. ನನ್ನ ಮುಖ ನೋಡಲಿಲ್ಲ. ಮತ್ತೆ, "ಶಿಲ್ಪಾಗ ಹೇಳು. ನಾ ಹೇಳಂಗಿಲ್ಲ. ನೀನ ಹೋಗಿ ಹೇಳು."

ಶಿಲ್ಪಾ ಅವರ ಒಬ್ಬಳೇ ಮಗಳು, ಕೊಡಂಬಲಕ್ಕೆ ಕೊಟ್ಟಿದ್ದಾರೆ. ಅಂದೇ ಅಲ್ಲಿಗೆ ಹೋದೆ. ಅವಳು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಅಕ್ಕನ ಮುಖದಂತೆಯೇ ಬಿಗಿಯಾಯಿತು.

"ಅಪ್ಪ ಬಂದಾಗೊಮ್ಮೆ ಮೊಮ್ಮಗಳಿಗಿ ಸ್ಕೂಟರ್ ಮ್ಯಾಲ ಒಂದ ಸುತ್ತ ಹೊಡಸ್ತೀನಿ ಅಂತಿದ್ದ," ಎಂದಳು. "ನಾ ಒಮ್ಮಿನೂ ಕಳಿಸಿಲ್ಲ. ಅವ್ವನ ಕೈ ಮುರದಿ, ಈಕಿದೂ ಮುರೀತಿಯೇನು ಅಂದೀನಿ. ಅಪ್ಪನ ಮಾರಿ ಮುಂದ ಅಂದೀನಿ." ಆಮೇಲೆ, "ನೀವು ಹೋಗ್ರಿ," ಎಂದಳು.

ಬಂದೆ. ಅಂದಿನಿಂದ ಆ ಎರಡೂ ಮನೆಗಳಿಗೆ ನಾನು ಹೋಗಿಲ್ಲ, ಯಾರೂ ಕರೆದಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅಂದು ನನ್ನ ಮಾತು ಕೇಳಿದ್ದ ಒಬ್ಬೊಬ್ಬರ ಬಳಿಯೂ ಹೋಗಿ ನಿಜ ಹೇಳುತ್ತಿದ್ದೇನೆ. ಕೆಲವರು, ಆದದ್ದು ಆಯಿತು, ಈಗ್ಯಾಕೆ ಕೆದಕುತ್ತೀ, ಎನ್ನುತ್ತಾರೆ. ಚಿಕ್ಕಪ್ಪ ತೀರಿಹೋಗಿದ್ದಾರೆ. ಅವರ ಮಟ್ಟಿಗೆ ಮಾಮಾ ಇಂದಿಗೂ ತಪ್ಪಿತಸ್ಥರೇ; ಅದನ್ನು ತಿದ್ದಲು ನನ್ನಿಂದ ಇನ್ನು ಆಗದು. ನಾನು ಹೋಗಿ ಮುಟ್ಟಲಾರದವರಿಗಾಗಿ ಇದನ್ನು ಬರೆದಿದ್ದೇನೆ.

ಕ್ಷಮಿಸಿ ಎಂದು ನಾನು ಮಾಮಾನನ್ನು ಕೇಳಲಿಲ್ಲ, ಶಿಲ್ಪಾಳನ್ನೂ ಕೇಳಲಿಲ್ಲ. ನಿಮ್ಮನ್ನೂ ಕೇಳುತ್ತಿಲ್ಲ. ಕ್ಷಮಿಸಿದೆ ಎಂದು ಹೇಳುವ ಹಕ್ಕು ಇದ್ದದ್ದು ಅಕ್ಕನಿಗೆ. ಅವಳು ಹೇಳಿದಳು — ನನ್ನ ಕಣ್ಣೆದುರಿಗೇ, ಮನಸ್ಸು ಬಿಚ್ಚಿ ಹೇಳಿದಳು — ಏನೂ ಮಾಡದವರಿಗೆ.