ಪಂಪಣ್ಣನವರ ಚಕ್ಕುಬಂದಿ

ಪಂಪಣ್ಣನವರ ಪಾದ ನೋಡಿದರೆ ಅಂದು ಅವರು ಯಾವ ಕಡೆಯ ಜಮೀನಿನ ಪತ್ರ ಬರೆಯುತ್ತಾರೆಂದು ಹೇಳಬಹುದಿತ್ತು. ಕಂಪ್ಲಿ ಕಡೆಯ ಗದ್ದೆಯಾದರೆ ಮೊಣಕಾಲವರೆಗೆ ಕೆಸರು, ಸಂಡೂರು ದಾರಿಯ ಹೊಲವಾದರೆ ಕೆಂಪು ಧೂಳು. ಮದ್ರಾಸ್ ಸರ್ಕಾರದ ಕಾಲ. ಹೊಸಪೇಟೆಯ ರಿಜಿಸ್ಟ್ರಾರ್ ಕಚೇರಿಯ ಜಗಲಿಯ ಮೇಲೆ ನಾವು ನಾಲ್ಕೈದು ಮಂದಿ ಕ್ರಯಪತ್ರ ಬರೆಯಲು ಕೂರುತ್ತಿದ್ದೆವು. ಪಂಪಣ್ಣನವರು ಮಾತ್ರ ಜಮೀನು ಸುತ್ತಿ ಬಂದ ಮೇಲೆಯೇ ಲೆಕ್ಕಣಿಕೆ ಮುಟ್ಟುತ್ತಿದ್ದರು.

ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಪತ್ರದಲ್ಲಿ ಬರೆಯುವುದಕ್ಕೆ ಚಕ್ಕುಬಂದಿ ಎನ್ನುತ್ತಾರೆ. ಮಾರುವವನು ಹೇಳಿದ್ದನ್ನು ನಾವು ಹಾಗೇ ಬರೆದುಕೊಳ್ಳುತ್ತಿದ್ದೆವು. ಒಮ್ಮೆ ಕಂಪ್ಲಿಯಲ್ಲಿ ಗದ್ದೆ ಕೊಳ್ಳುತ್ತಿದ್ದ ಸಾಹುಕಾರರೊಬ್ಬರು ಬಡಗಣಕ್ಕೆ ಕಾಲುವೆ ಎಂದು ಬರೆಯಲು ಹೇಳಿದರು. ಪಂಪಣ್ಣನವರು ಹೋಗಿ ನೋಡಿದರೆ ಗದ್ದೆಗೂ ಕಾಲುವೆಗೂ ನಡುವೆ ಒಂದು ಕಾಲುದಾರಿ. ಹುಲಿಗೆಮ್ಮ ಎಂಬ ವಿಧವೆಗೆ ತನ್ನ ತುಂಡು ಗದ್ದೆಗೆ ಹೋಗಲು ಇದ್ದದ್ದು ಅದೊಂದೇ.

“ಜಲ್ದಿ ಬೇಕಂದ್ರ ಬ್ಯಾರೇರ ಕಡೆ ಬರಸ್ರಿ. ನಾ ಬರದ್ರ ಆ ದಾರಿ ಇರ್ತೈತಿ,” ಎಂದರು ಪಂಪಣ್ಣನವರು. ಸಾಹುಕಾರರು ಮುಖ ಊದಿಸಿಕೊಂಡರು. ದಾರಿ ಮಾತ್ರ ಪತ್ರದಲ್ಲಿ ಉಳಿಯಿತು.

ಆಮೇಲೆ ಹುಕುಂ ಬಂತು: ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದವರೇ ಇನ್ನು ಪತ್ರ ಬರೆಯಬೇಕು. ಅದು ತಪ್ಪೆಂದು ನಾನು ಹೇಳಲಾರೆ. ಓದು ಬಾರದವರಿಗೆ ಏನೇನೋ ಬರೆದುಕೊಟ್ಟು ಕೈ ತೊಳೆದುಕೊಂಡವರೂ ನಮ್ಮ ಕಸುಬಿನಲ್ಲಿದ್ದರು. ಪರೀಕ್ಷೆಯ ಪ್ರಶ್ನೆಯೂ ಸುಲಭವಾಗಿತ್ತು: ಪಾಪಿನಾಯಕನಹಳ್ಳಿಯ ಇಂಥ ನಂಬರಿನ ಹೊಲಕ್ಕೆ ಚಕ್ಕುಬಂದಿ ಸಮೇತ ಕ್ರಯಪತ್ರ ಬರೆಯಿರಿ. ನಾನು ಮೂಡಣಕ್ಕೆ ಹಳ್ಳ, ಪಡುವಣಕ್ಕೆ ಹನುಮಪ್ಪನ ಹೊಲ ಎಂದು ತೋಚಿದ್ದು ಗೀಚಿದೆ. ಪಂಪಣ್ಣನವರು ಪ್ರಶ್ನೆ ಓದಿದರು, ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಕಚೇರಿ ಮುಚ್ಚುವ ಹೊತ್ತಿಗೆ ಬೆವರು ಸುರಿಸುತ್ತ ಬಂದರು. “ಸಾಹೇಬ್ರ, ಆ ನಂಬರಿನ ಹೊಲಾನ ಇಲ್ರಿ ಅಲ್ಲಿ. ಊರ ಕರಣಂನೂ ಕೇಳಿ ಬಂದೀನಿ.”

ಪರೀಕ್ಷೆ ನಡೆಸುತ್ತಿದ್ದ ರಿಜಿಸ್ಟ್ರಾರ್ ಸಾಹೇಬರು ನಕ್ಕು ನಕ್ಕು ಸುಸ್ತಾದರು. ಒಳ್ಳೆಯ ಮನುಷ್ಯ. “ಪಂಪಣ್ಣಾರ, ಅದು ಪರೀಕ್ಷೆಗಂತ ಹುಟ್ಟಿಸಿದ ಹೊಲ. ಏನರ ನಾಕು ದಿಕ್ಕು ಬರದು ಕೊಡ್ರಿ, ಮುಗೀತು,” ಎಂದು ಕಾಗದವನ್ನು ಮತ್ತೆ ಮುಂದಿಟ್ಟರು.

“ಇಲ್ಲದ ಹೊಲಕ್ಕ ಚಕ್ಕುಬಂದಿ ಹೆಂಗ ಬರೀಲ್ರೀ? ನನ್ನ ಕೈಲೆ ಆಗಂಗಿಲ್ಲ.”

ಉಳಿದದ್ದೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದು ನಾಲ್ಕು ದಿಕ್ಕನ್ನೂ ಖಾಲಿ ಬಿಟ್ಟರು. ಆ ಕಾಗದಕ್ಕೆ ಲೈಸೆನ್ಸು ಸಿಗಲಿಲ್ಲ. ನನ್ನದಕ್ಕೆ ಸಿಕ್ಕಿತು. ನಾಚಿಕೆಯಾಯಿತು, ಆದರೂ ಇಟ್ಟುಕೊಂಡೆ.

ಇಪ್ಪತ್ತು ವರ್ಷ ಕೂತ ಜಾಗ ಬಿಟ್ಟು ಅವರು ಮನೆಗೆ ಹೋದರು. ವಾರ ಕಳೆದ ಮೇಲೆ ನಾನೇ ಹೋಗಿ, ನೀವು ಜಮೀನು ನೋಡಿ ಬನ್ನಿ, ನಾನು ಬರೆಯುತ್ತೇನೆ ಎಂದೆ. ಮನೆ ನಡೆಯಬೇಕಲ್ಲ, ಒಪ್ಪಿದರು. ಅವರು ಹೇಳುವುದು, ನಾನು ಬರೆಯುವುದು. ಕೊನೆಯಲ್ಲಿ ‘ಬರೆದವರು’ ಎಂಬಲ್ಲಿ ನನ್ನ ಹೆಸರು, ನನ್ನ ಲೈಸೆನ್ಸ್ ನಂಬರು. ಕೊಟ್ರಪ್ಪ ಬರೆದ ಪತ್ರಕ್ಕೆ ತಕರಾರೇ ಬರುವುದಿಲ್ಲವೆಂದು ಜನ ನನ್ನನ್ನು ಹೊಗಳತೊಡಗಿದರು. ಆ ಮಾತು ಬಂದಾಗ ಪಂಪಣ್ಣನವರು ಬೀದಿಯ ಕಡೆ ನೋಡುತ್ತಿದ್ದರು. ಹೀಗೆ ನಾಲ್ಕು ವರ್ಷ ನಡೆಯಿತು.

ಕೊನೆಯ ಸಲ ಕಮಲಾಪುರದ ಹೊಲವೊಂದನ್ನು ನೋಡಿ ಬಂದು, ಏದುಸಿರು ಬಿಡುತ್ತ ಗೋಡೆಗೆ ಒರಗಿ ಕೂತರು. ನಾನು ಪತ್ರ ಮುಗಿಸಿ ನಂಬರು ಹಾಕುತ್ತಿದ್ದೆ. ಅವರು ಅಳುಕುತ್ತ ಕೇಳಿದರು:

“ಕೊಟ್ರಪ್ಪಾ, ಸಾಕ್ಷಿ ಹಾಕಾಕ ಲೈಸೆನ್ಸ್ ಬೇಕೇನಪಾ?”

“ಬ್ಯಾಡ್ರಿ, ಪಂಪಣ್ಣಾರ.”

“ಹಂಗಾರ ಇದಕ್ಕ ನಾ ಹಾಕಲೇನು?”

ಲೆಕ್ಕಣಿಕೆ ಕೊಟ್ಟೆ. ತಮ್ಮ ಹೆಸರು, ತಂದೆಯ ಹೆಸರು, ಊರು, ಎಲ್ಲವನ್ನೂ ನಿಧಾನವಾಗಿ ಬರೆದರು. ಮಸಿ ಆರುವವರೆಗೆ ಕಾಗದವನ್ನು ತಾವೇ ಹಿಡಿದುಕೊಂಡಿದ್ದರು.

ಆ ಪತ್ರ ರಿಜಿಸ್ಟರಾಗಿ ಕೈಗೆ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಆ ನಾಲ್ಕು ವರ್ಷವೂ ಪ್ರತಿ ಪತ್ರಕ್ಕೆ ಇಬ್ಬರು ಸಾಕ್ಷಿಗಳನ್ನು ನಾನು ಬೀದಿಯಿಂದ ಕರೆತರುತ್ತಿದ್ದೆ. ಪಕ್ಕದಲ್ಲೇ ಕೂತಿದ್ದ ಅವರನ್ನು ಒಮ್ಮೆಯೂ ಕೇಳಿರಲಿಲ್ಲ.