ಲೆರಾಯ್ ಕೋಚ್ ಆಡುವ ಕೊನೆಯ ಓವರ್

ಈ ಕೊಲ್ಲಿ ನಾಡಿನಲ್ಲಿ, ಅರ್ದಿಯಾದ ಗೋದಾಮುಗಳ ಹಿಂದಿನ ಮರಳು ಮೈದಾನದಲ್ಲಿ ಶುಕ್ರವಾರ ಸಂಜೆ ನಮ್ಮ ಮಕ್ಕಳಿಗೆ ಕ್ರಿಕೆಟ್ ಕಲಿಸುವ ಲೆರಾಯ್ ಕೋಚ್ ನಿದ್ದೆಯಲ್ಲಿ ನಡೆಯುವವರಂತೆ ಬರುತ್ತಾರೆ. ಇಪ್ಪತ್ತು ವರ್ಷ ಬಾರ್ಬಡೋಸಿನಲ್ಲಿ ಬ್ಯಾಟು, ಬಾಲು ಎರಡರಲ್ಲೂ ದುಡಿದ ಆಲ್‌ರೌಂಡರ್ ಅವರು. ಸಿಮೆಂಟಿನ ಮೇಲೆ ಹಾಸಿದ ಮ್ಯಾಟನ್ನು ಹೊಸ ಸೀರೆಯಂತೆ ಸವರಿ, ಕಣ್ಣು ಮುಚ್ಚಿ ಗಾಳಿಯನ್ನು ಆಲಿಸುತ್ತಾರೆ; ತಮ್ಮ ದ್ವೀಪದ ಕಡಲು ಕೇಳಿಸುತ್ತದಂತೆ. ಕ್ಯಾಚ್ ಬಿಟ್ಟವರಿಗೆ, "ಖಲಾಸ್, ಚೆಂಡಿಗೆ ಸಾರಿ ಹೇಳು" ಎನ್ನುತ್ತಾರೆ, ಮಕ್ಕಳು ಹೇಳುತ್ತಾರೆ. ಕೊನೆಗೆ ಸ್ಟಂಪಿನ ಪಕ್ಕ ಫೋನ್ ಇಟ್ಟು ಊರಿನಲ್ಲಿರುವ ತಾಯಿಗೆ ಕರೆ ಮಾಡಿ, ತಾವೇ ಆಡುತ್ತಿರುವಂತೆ ಒಂದು ಓವರಿನ ಆಟ ಕೇಳಿಸುತ್ತಾರೆ. ಕಣ್ಣು ಕಾಣದ ಆ ಮುದುಕಿಗೆ ಮಗನ ಬ್ಯಾಟಿನ ಸದ್ದೊಂದೇ ಸುಖ. ತಮ್ಮ ಮಂಡಿ ಕೈಕೊಟ್ಟು ವರ್ಷವಾದರೂ ಇವರು ಅದನ್ನು ತಾಯಿಗೆ ತಿಳಿಸಿಲ್ಲ. ಆ ಓವರನ್ನು ಆಡುವುದು ನನ್ನ ಮಗಳು ಸುಪ್ರೀತಾ; ಇವರು ಪಕ್ಕದಲ್ಲಿ ನಿಂತು ಏದುಸಿರು ಬಿಟ್ಟು, "ಕೇಳಿಸಿತಾ ಅಮ್ಮಾ?" ಎನ್ನುತ್ತಾರೆ. "ಸುಳ್ಳಲ್ವಾ ಕೋಚ್?" ಎಂದು ನಾನೊಮ್ಮೆ ಕೇಳಿದ್ದೆ. "ಸುಳ್ಳೇ ಸಿಸ್ಟರ್. ನೀವು ಪ್ರಾರ್ಥನೆ ಮಾಡುವಾಗ ನನ್ನನ್ನೂ ಸೇರಿಸಿಕೊಳ್ಳಿ" ಎಂದರು. ಕಳೆದ ವಾರ ಆರನೆಯ ಚೆಂಡು ಬೇಲಿ ದಾಟಿದ ಮೇಲೆ ಫೋನಿನಿಂದ ಮುದುಕಿಯ ದನಿ ನಿಧಾನವಾಗಿ ಬಂತು: "ಲೆರಾಯ್, ಆ ಮಗುವಿಗೆ ಹೇಳು, ಒಂದು ವರ್ಷದಿಂದ ಅವಳ ಆಟ ಕೇಳ್ತಿದ್ದೇನೆ, ಈಗ ಹೆಜ್ಜೆ ಹಗುರವಾಗಿದೆ. ನೀನು ಕೂತ್ಕೋ, ಮಂಡಿ ನೋಯುತ್ತೆ."